ಲೆಕ್ಕಪತ್ರಕ್ಕೆ ಬಾರದ ಬಂಡವಾಳ: ಆಯಿಯ ಕೈಯಿಂದ ಮೊಮ್ಮಕ್ಕಳ ಕೈಗೆ ರೊಟ್ಟಿಯ ಕಸುಬು

ಆಶ್ವಯುಜ ಮಾಸ ಬಂತೆಂದರೆ ಬೀದರ ಜಿಲ್ಲೆಯ ವ್ಯಾಪಾರಕ್ಕೆ ಜೀವಕಳೆ ಬರುತ್ತದೆ. ಹೆಸರು, ಉದ್ದಿನ ಆವಕ ಇಳಿಮುಖವಾಗುವ ವೇಳೆಗೆ ಸೋಯಾ ಅವರೆಯ ಚೀಲಗಳು ಬೀದರದ ಗಾಂಧಿ ಗಂಜ್‌ನಲ್ಲಿಯೂ ಭಾಲ್ಕಿ, ಔರಾದದ ಮಾರುಕಟ್ಟೆಗಳಲ್ಲಿಯೂ ಬಂದು ಬೀಳತೊಡಗುತ್ತವೆ. ದಸರೆಯಿಂದ ದೀಪಾವಳಿಯವರೆಗಿನ ಕೆಲವೇ ವಾರಗಳಲ್ಲಿ ಅಡತಿ ಅಂಗಡಿಯಿಂದ ಬಟ್ಟೆಯ ಅಂಗಡಿಯವರೆಗೆ ಹಣ ಕೈಯಿಂದ ಕೈಗೆ ಸಾಗುತ್ತದೆ. ಲಕ್ಷ್ಮೀಪೂಜೆಯಂದು ವಹಿಗೆ ಅರಿಶಿನ ಕುಂಕುಮ ಹಚ್ಚುವ ವರ್ತಕನು ತನ್ನ ಸರಕು, ಬಾಕಿ, ಸಾಲ ಇವೆಲ್ಲವನ್ನೂ ಒಮ್ಮೆ ಮನಸ್ಸಿನಲ್ಲಿಯೇ ಎಣಿಸಿಕೊಳ್ಳುತ್ತಾನೆ.

ಇದೇ ದಿನಗಳಲ್ಲಿ ಇದೇ ತಾಲ್ಲೂಕುಗಳ ಅಡುಗೆಮನೆಗಳಲ್ಲಿ ಇನ್ನೊಂದು ವಹಿವಾಟು ನಡೆಯುತ್ತದೆ. ಅದಕ್ಕೆ ರಸೀದಿಯಿಲ್ಲ, ಜಮಾ ಖರ್ಚಿನ ದಾಖಲೆಯಿಲ್ಲ. ದಸರಾ ರಜೆಯಲ್ಲಿ ಮನೆಯಲ್ಲಿರುವ ಹತ್ತು ಹನ್ನೆರಡು ವರ್ಷದ ಮಗುವಿಗೆ ಆಯಿ ಜೋಳದ ರೊಟ್ಟಿ ಬಡಿಯುವುದನ್ನೂ ಸುಡುವುದನ್ನೂ ಕಲಿಸುತ್ತಾಳೆ. ಮೇಲ್ನೋಟಕ್ಕೆ ಇದು ಮನೆಯೊಳಗಿನ ಸಣ್ಣ ಸಂಗತಿ. ಆದರೆ ಇಂದು ಪೇಟೆಯಲ್ಲಿ ಬೆಳೆಯುತ್ತಿರುವ ರೊಟ್ಟಿ ಉದ್ಯಮವು ನಿಂತಿರುವುದು ಈ ಕಲಿಕೆಯ ಮೇಲೆಯೇ. ಈ ಕಲಿಕೆಗೆ ಉದ್ಯಮವು ಇದುವರೆಗೆ ಒಂದು ಪೈಸೆಯನ್ನೂ ತೆತ್ತಿಲ್ಲ. ಹೀಗೆ ಪುಕ್ಕಟೆಯಾಗಿ ದೊರೆತ ಬಂಡವಾಳವು ಮುಂದಿನ ತಲೆಮಾರಿಗೂ ದೊರೆಯುವುದೇ ಎಂಬುದು ವ್ಯಾಪಾರಿ ಬಂಧುಗಳು ವಿಚಾರ ಮಾಡಬೇಕಾದ ಪ್ರಶ್ನೆಯಾಗಿದೆ.

ಶರದೃತುವಿನ ಶಾಲೆ

ಈ ಕಲಿಕೆಗೆ ಶರತ್ಕಾಲವೇ ಒದಗಿಬರಲು ಕಾರಣಗಳಿವೆ. ಮೊದಲನೆಯದು, ಶಾಲೆಗಳಿಗೆ ದಸರೆಯ ರಜೆ. ಎರಡನೆಯದು, ಸೋಯಾ ಕಟಾವು. ಬೀದರವು ಕರ್ನಾಟಕದಲ್ಲಿ ಸೋಯಾ ಅವರೆಯನ್ನು ಅತಿ ಹೆಚ್ಚು ಬೆಳೆಯುವ ಜಿಲ್ಲೆ. ಕಟಾವಿನ ದಿನಗಳಲ್ಲಿ ಮನೆಯ ಹರೆಯದ ಹೆಂಗಸರೆಲ್ಲರೂ ಬೆಳಿಗ್ಗೆಯೇ ಹೊಲ ಸೇರುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಹೊಲಕ್ಕೆ ಬುತ್ತಿ ಹೋಗಲೇಬೇಕಾದುದರಿಂದ ಆಯಿಗೆ ಒಂದು ಸಣ್ಣ ಕೈಯ ಸಹಾಯ ಬೇಕಾಗುತ್ತದೆ.

ಮೂರನೆಯದು ಹವೆ. ಮಳೆಗಾಲದ ತೇವದಲ್ಲಿ ಖಡಕ್ ರೊಟ್ಟಿ ಬೇಗ ಮೆತ್ತಗಾಗಿ ಬೂಸಲು ಹಿಡಿಯುತ್ತದೆ. ಮಳೆ ಹಿಂದೆ ಸರಿದು ಗಾಳಿ ಒಣಗಿದ ಮೇಲೆ ರೊಟ್ಟಿಯೂ ಚೆನ್ನಾಗಿ ಒಣಗಿ ವಾರಗಟ್ಟಲೆ ಉಳಿಯುತ್ತದೆ. ಇದೇ ಹೊತ್ತಿಗೆ ಭಾಲ್ಕಿ, ಔರಾದ ತಾಲ್ಲೂಕುಗಳ ಕಪ್ಪು ನೆಲದಲ್ಲಿ ಹಿಂಗಾರಿ ಜೋಳದ ಬಿತ್ತನೆಯೂ ನಡೆಯುತ್ತದೆ. ಮಾಘ, ಫಾಲ್ಗುಣದಲ್ಲಿ ಬರುವ ಸುಗ್ಗಿಯ ಕಾಳು ಮುಂದಿನ ಶರತ್ಕಾಲದ ಪರಾತಕ್ಕೆ ಹಿಟ್ಟಾಗುತ್ತದೆ. ಬಿತ್ತುವುದನ್ನು ಹೊಲದಲ್ಲಿಯೂ ಸುಡುವುದನ್ನು ಒಲೆಯ ಮುಂದೆಯೂ ಒಂದೇ ರಜೆಯಲ್ಲಿ ಕಾಣುವ ಮಗುವಿಗೆ ಕಚ್ಚಾ ಮಾಲಿನಿಂದ ಸಿದ್ಧವಸ್ತುವಿನವರೆಗಿನ ದಾರಿ ತಾನಾಗಿಯೇ ತಿಳಿಯುತ್ತದೆ.

ಕಲಿಕೆಯ ಕ್ರಮ

ರೊಟ್ಟಿ ಕಲಿಸುವುದಕ್ಕೆ ಪಠ್ಯಪುಸ್ತಕವಿಲ್ಲದಿದ್ದರೂ ಕ್ರಮವಿದೆ. ಮಗುವಿನ ಮೊದಲ ಕೆಲಸ ಹಿಟ್ಟು ಸಾಣಿಸುವುದು. ಹಿಟ್ಟು ಹೊಸದೋ ಹಳತೋ ಎಂಬುದನ್ನು ಮೂಗು ಮತ್ತು ಬೆರಳುಗಳಿಂದ ಅರಿಯುವ ಅಭ್ಯಾಸ ಇಲ್ಲಿಯೇ ಆಗುತ್ತದೆ. ಬೀಸಿ ಬಹಳ ದಿನವಾದ ಜೋಳದ ಹಿಟ್ಟು ಜಿಗಿ ಕಳೆದುಕೊಂಡು ಕಹಿಯಾಗುತ್ತದೆ. ಅದರಿಂದ ಬಡಿದ ರೊಟ್ಟಿಯ ಅಂಚು ಸೀಳುತ್ತದೆ.

ಎರಡನೆಯ ಪಾಠ ನೀರಿನದು. ಗೋಧಿಯಲ್ಲಿರುವ, ಹಿಟ್ಟನ್ನು ಎಳೆದು ಹಿಡಿಯುವ ಗ್ಲುಟೆನ್ ಎಂಬ ಅಂಶ ಜೋಳದಲ್ಲಿಲ್ಲ. ಆದುದರಿಂದ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೆ ಅದು ಕೂಡಿಕೊಳ್ಳುವುದಿಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟಿನಲ್ಲಿಯ ಪಿಷ್ಟವು ಭಾಗಶಃ ಬೆಂದು ಅಂಟಾಗಿ, ಆ ಅಂಟು ಉಳಿದ ಹಿಟ್ಟನ್ನು ಹಿಡಿದಿಡುತ್ತದೆ. ಆಯಿಗೆ ಈ ರಸಾಯನಶಾಸ್ತ್ರದ ಹೆಸರು ತಿಳಿಯದಿರಬಹುದು, ಅದರ ಫಲ ಮಾತ್ರ ಚೆನ್ನಾಗಿ ತಿಳಿದಿದೆ. ನೀರು ಎಷ್ಟು ಎಂದು ಕೇಳಿದರೆ ಹಿಟ್ಟು ಬೇಡಿದಷ್ಟು ಎಂಬುದೇ ಅವಳ ಅಳತೆ. ಕಾಳಿನ ತಳಿ, ಬೀಸಿದ ದಿನ, ಅಂದಿನ ಹವೆ ಇವುಗಳಿಗೆ ತಕ್ಕಂತೆ ಈ ಅಳತೆ ದಿನದಿನಕ್ಕೂ ಬದಲಾಗುವುದರಿಂದ ಅದನ್ನು ಬರೆದಿಡುವುದು ಕಷ್ಟ. ಪಕ್ಕದಲ್ಲಿ ಕುಳಿತು ನೋಡಿ, ಕೈಯಿಂದ ಮುಟ್ಟಿ, ತಪ್ಪಿ, ಮತ್ತೆ ಮಾಡಿಯೇ ಕಲಿಯಬೇಕು.

ಮೂರನೆಯದು ನಾದುವುದು ಮತ್ತು ಬಡಿಯುವುದು. ಮಗುವಿಗೆ ಮೊದಲು ದೊರೆಯುವುದು ಪರಾತದಲ್ಲಿ ಉಳಿದ ಹಿಟ್ಟಿನ ಚಿಕ್ಕ ಉಂಡೆ. ಅದರಿಂದ ಅಂಗೈ ಅಗಲದ ರೊಟ್ಟಿ. ಉದುರುಹಿಟ್ಟಿನ ಮೇಲೆ ಅಂಗೈಯಿಂದ ಬಡಿಯುತ್ತ, ಅದೇ ಬಡಿತದಲ್ಲಿ ತಿರುಗಿಸುತ್ತ ಹೋದರೆ ರೊಟ್ಟಿ ದುಂಡಗೆ ಹರಡುತ್ತದೆ. ಹಂಚಿನ ಸರದಿ ಬರುವುದು ಕೊನೆಗೆ. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲಿನ ಉದುರುಹಿಟ್ಟನ್ನು ಒರೆಸಿ, ನೀರು ಆರುತ್ತಿದ್ದಂತೆಯೇ ತಿರುವಿಹಾಕಬೇಕು. ಆರುವ ಮೊದಲೇ ತಿರುವಿದರೆ ಹಂಚಿಗೆ ಅಂಟುತ್ತದೆ, ತಡವಾದರೆ ಬಿರಿಯುತ್ತದೆ. ಸರಿಯಾದ ಕ್ಷಣದಲ್ಲಿ ತಿರುವಿದ ರೊಟ್ಟಿ ಉಬ್ಬುತ್ತದೆ. ಬೆಂಕಿಯ ಕೆಲಸವನ್ನು ಕೊನೆಗೆ ಇಟ್ಟಿರುವುದರಲ್ಲಿ ಸುರಕ್ಷತೆಯ ವಿವೇಕವೂ ಇದೆ.

ಹರಿದ ರೊಟ್ಟಿ ಈ ಶಾಲೆಯಲ್ಲಿ ನಷ್ಟವಲ್ಲ. ಬಿಸಿಯಿರುವಾಗಲೇ ಬೆಳ್ಳುಳ್ಳಿ, ಖಾರ, ಎಣ್ಣೆ ಸೇರಿಸಿ ಕುಟ್ಟಿದರೆ ಅದು ಮುಟಗಿಯಾಗುತ್ತದೆ. ಬೆಲ್ಲ ಬೆರೆತರೆ ಮಲೀದವಾಗುತ್ತದೆ. ಮಗುವಿನ ತಪ್ಪನ್ನು ಮನೆಯವರೆಲ್ಲರೂ ಕೂಡಿ ಉಂಡುಬಿಡುತ್ತಾರೆ.

ಒಂದು ಲೆಕ್ಕ

ಈ ಕೊನೆಯ ಮಾತಿನಲ್ಲಿಯೇ ವ್ಯಾಪಾರದ ಮರ್ಮವಿದೆ. ಅದನ್ನು ಅರಿಯಲು ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. ಉದ್ಯಮಿಗಳು ತಮ್ಮ ತಮ್ಮ ಘಟಕದ ಅಂಕಿಗಳನ್ನು ಇದರಲ್ಲಿ ತುಂಬಿಕೊಳ್ಳತಕ್ಕದ್ದು.

2025-26ನೇ ಸಾಲಿಗೆ ಕೇಂದ್ರ ಸರ್ಕಾರ ಪ್ರಕಟಿಸಿದ ಬೆಂಬಲ ಬೆಲೆಯಂತೆ ಮಾಲ್ದಂಡಿ ಜೋಳ ಕ್ವಿಂಟಲಿಗೆ 3,749 ರೂಪಾಯಿ, ಎಂದರೆ ಕಿಲೋಗೆ 37.49 ರೂಪಾಯಿ. ರೊಟ್ಟಿಯೊಂದಕ್ಕೆ 60 ಗ್ರಾಂ ಹಿಟ್ಟು ಎಂದು ಹಿಡಿದರೆ ಒಂದು ಕಿಲೋ ಹಿಟ್ಟಿಗೆ 16 ರೊಟ್ಟಿಗಳಾಗಿ, ಉಳಿದ 40 ಗ್ರಾಂ ಉದುರುಹಿಟ್ಟಿಗೆ ಹೋಗುತ್ತದೆ. ರೊಟ್ಟಿಯೊಂದರಲ್ಲಿಯ ಕಾಳಿನ ಬೆಲೆ 2.34 ರೂಪಾಯಿ. ಬೀಸುವ ಕೂಲಿ, ಇಂಧನ, ಪ್ಯಾಕಿಂಗ್ ಸದ್ಯಕ್ಕೆ ಬದಿಗಿರಲಿ.

ಗಂಟೆಗೆ 60 ರೂಪಾಯಿ ಮಜೂರಿಯ ಮೇಲೆ ನುರಿತ ಮಹಿಳೆಯೊಬ್ಬರು ಗಂಟೆಗೆ 30 ರೊಟ್ಟಿ ಮಾಡುತ್ತಾರೆಂದು ಇಟ್ಟುಕೊಂಡರೆ ಮಜೂರಿ ರೊಟ್ಟಿಗೆ 2 ರೂಪಾಯಿ, ಒಟ್ಟು ವೆಚ್ಚ 4.34 ರೂಪಾಯಿ. ಹೊಸಬರು ಅದೇ ಗಂಟೆಯಲ್ಲಿ 10 ರೊಟ್ಟಿ ಮಾಡಿ ಅವುಗಳಲ್ಲಿ 3 ಹರಿದರೆ, ಮಾರಲು ಉಳಿಯುವುದು 7 ಮಾತ್ರ. ಆ ಗಂಟೆಯ ಖರ್ಚು ಮಜೂರಿ 60 ಮತ್ತು ಕಾಳು 23.40 ಸೇರಿ 83.40 ರೂಪಾಯಿ. ಹೀಗಾಗಿ ರೊಟ್ಟಿಯೊಂದಕ್ಕೆ 11.91 ರೂಪಾಯಿ ತಗಲುತ್ತದೆ. ನುರಿತವರ ವೆಚ್ಚಕ್ಕೆ ಹೋಲಿಸಿದರೆ ಗಂಟೆಗೆ ಸುಮಾರು 53 ರೂಪಾಯಿ ಹೆಚ್ಚುವರಿ ಹೊರೆ. ಕೈ ಪಳಗಲು ನೂರು ಗಂಟೆ ಬೇಕಾದರೆ ಒಬ್ಬರ ತರಬೇತಿಗೆ ಸುಮಾರು 5,300 ರೂಪಾಯಿ, ಹತ್ತು ಜನರಿಗೆ 53,000 ರೂಪಾಯಿ.

ಇದುವರೆಗೆ ಈ ಹೊರೆಯನ್ನು ಹೊತ್ತದ್ದು ಆಯಿಯ ಅಡುಗೆಮನೆ. ನುರಿತ ಕೈಗಳು ಸಿದ್ಧವಾಗಿಯೇ ಉದ್ಯಮದ ಬಾಗಿಲಿಗೆ ಬರುತ್ತಿದ್ದವು. ಲೆಕ್ಕಶಾಸ್ತ್ರವೂ ಈ ಸ್ವತ್ತನ್ನು ಕಾಣುವುದಿಲ್ಲ. ಅಮೂರ್ತ ಸ್ವತ್ತುಗಳಿಗೆ ಸಂಬಂಧಿಸಿದ 26ನೇ ಲೆಕ್ಕ ಮಾನಕದಂತೆ, ನುರಿತ ಸಿಬ್ಬಂದಿಯ ಕೌಶಲದ ಮೇಲೆ ಸಂಸ್ಥೆಗೆ ಸಾಕಷ್ಟು ಹಿಡಿತ ಇರುವುದಿಲ್ಲವಾದುದರಿಂದ ಅದನ್ನು ಸಾಮಾನ್ಯವಾಗಿ ಸ್ವತ್ತೆಂದು ಆಸ್ತಿಪಟ್ಟಿಯಲ್ಲಿ ತೋರಿಸಲಾಗದು. ಯಂತ್ರಕ್ಕೆ ಬಳಕೆಯಿಂದ ಸವಕಳಿ. ಕೈಗುಣಕ್ಕೆ ಬಳಸದಿರುವುದರಿಂದ ಸವಕಳಿ. ಆಸ್ತಿಪಟ್ಟಿಯಲ್ಲಿ ಇಲ್ಲದ ಸ್ವತ್ತು ಕರಗುತ್ತಿರುವುದು ಯಾವ ಲೆಕ್ಕ ಪರಿಶೋಧನೆಗೂ ಕಾಣದು.

ಬದಲಾದ ಹೊಲ, ಬದಲಾದ ಮನೆ

ಈ ಸ್ವತ್ತು ಕರಗಲು ಯಾರೊಬ್ಬರ ತಪ್ಪೂ ಕಾರಣವಲ್ಲ. 2025-26ರಲ್ಲಿ ಸೋಯಾ ಅವರೆಯ ಬೆಂಬಲ ಬೆಲೆ ಕ್ವಿಂಟಲಿಗೆ 5,328 ರೂಪಾಯಿಯಾಗಿತ್ತು. ಬೇಗ ಕೈಗೆ ಬಂದು ಬೇಗ ಹಣವಾಗುವ ಬೆಳೆಯನ್ನು ರೈತನು ಆರಿಸಿಕೊಂಡರೆ ಅದು ಸಹಜವೇ. ಹೊಲದಲ್ಲಿ ಜೋಳ ಕಡಿಮೆಯಾದಾಗ ಹಗೇವಿನಲ್ಲಿಯೂ ಕಡಿಮೆಯಾಗುತ್ತದೆ. ಹಗೇವು ಬರಿದಾದ ಮನೆಯಲ್ಲಿ ಅನ್ನ, ಚಪಾತಿ ದಿನದ ಊಟವಾಗಿ, ರೊಟ್ಟಿ ವಾರಕ್ಕೊಮ್ಮೆಯ ತಿನಿಸಾಗುತ್ತದೆ. ಕಲಿಯಲು ಮಗುವಿಗೆ ಬೇಕಾದುದು ದಿನನಿತ್ಯದ ಪುನರಾವರ್ತನೆ. ಅದೇ ಇಲ್ಲವಾದರೆ ಆಯಿ ಎಷ್ಟೇ ನಿಪುಣಳಾಗಿದ್ದರೂ ವಿದ್ಯೆ ದಾಟುವುದಿಲ್ಲ.

ಒಂದೇ ಬೆಳೆಯನ್ನು ನೆಚ್ಚಿಕೊಂಡಿರುವುದರ ಅಪಾಯವನ್ನೂ ಜಿಲ್ಲೆ ಕಂಡಿದೆ. 2025ರ ಮುಂಗಾರಿನ ಕೊನೆಯಲ್ಲಿ ಸುರಿದ ಅತಿವೃಷ್ಟಿಯಿಂದ ಹೆಸರು, ಉದ್ದು, ಸೋಯಾ ಬೆಳೆಗಳಿಗೆ ಹಾನಿಯಾಯಿತು. ಮುಂಗಾರು ಕೈಕೊಟ್ಟ ವರ್ಷದಲ್ಲಿ ಹಿಂಗಾರಿ ಜೋಳವೂ, ಅದರಿಂದಾಗುವ ರೊಟ್ಟಿಯ ದುಡಿಮೆಯೂ ಕುಟುಂಬಕ್ಕೆ ಒಂದಿಷ್ಟು ಆಧಾರವಾಗಬಲ್ಲವು.

ನೆರೆ ಜಿಲ್ಲೆಯ ನಿದರ್ಶನ

ರೊಟ್ಟಿಗೆ ಪೇಟೆಯಿಲ್ಲವೆಂಬ ಮಾತು ಈಗ ಸಲ್ಲದು. 2023ನೇ ವರ್ಷವನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ನೆರೆಯ ಕಲಬುರಗಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳು ಒಂದುಗೂಡಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಜೋಳದ ರೊಟ್ಟಿಯನ್ನು ಮಾರುಕಟ್ಟೆಗೆ ತಂದವು. 2025ರ ಜೂನ್ 29ರಂದು ಪ್ರಸಾರವಾದ ‘ಮನ್ ಕಿ ಬಾತ್’ ಕಾರ್ಯಕ್ರಮದಲ್ಲಿ ಪ್ರಧಾನಮಂತ್ರಿಯವರು ಈ ಮಹಿಳೆಯರನ್ನು ಪ್ರಸ್ತಾಪಿಸಿ, ದಿನಕ್ಕೆ ಮೂರು ಸಾವಿರಕ್ಕೂ ಮಿಕ್ಕಿ ರೊಟ್ಟಿಗಳು ತಯಾರಾಗುತ್ತಿರುವುದನ್ನು ತಿಳಿಸಿದರು.

ಹಂಚಿಕೆಯ ಜಾಲ, ಹೆಸರು, ಪ್ಯಾಕಿಂಗ್ ಇವು ಹೊಸದಾಗಿ ಬಂದವು. ಆದರೆ ರೊಟ್ಟಿ ಬಡಿಯುವ ಕೈಗಳನ್ನು ಯಾವ ಯೋಜನೆಯೂ ಹೊಸದಾಗಿ ಸೃಷ್ಟಿಸಬೇಕಾಗಲಿಲ್ಲ. ಅವು ಮನೆಗಳಲ್ಲಿ ಮೊದಲೇ ಸಿದ್ಧವಾಗಿದ್ದವು. ಸ್ವಸಹಾಯ ಸಂಘಗಳ ವಿಷಯದಲ್ಲಿ ಬೀದರವೂ ಹಿಂದುಳಿದಿಲ್ಲ. 1990ರ ದಶಕದ ಉತ್ತರಾರ್ಧದಿಂದಲೇ ಬೀದರ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಸಂಘಗಳಿಗೆ ಸಾಲ ನೀಡುವ ಕಾರ್ಯದಲ್ಲಿ ದೇಶದ ಗಮನ ಸೆಳೆದಿತ್ತು. ಸಂಘಟನೆ ಇದೆ, ಕಾಳು ಬೆಳೆಯುವ ನೆಲವಿದೆ, ಹೈದರಾಬಾದಿನಂತಹ ಮಹಾನಗರವು ಸಮೀಪದಲ್ಲಿದೆ. ಕೊರತೆ ಬೀಳಬಹುದಾದುದು ಮುಂದಿನ ತಲೆಮಾರಿನ ಕೈಗುಣವೊಂದೇ.

ರೊಟ್ಟಿ ಒತ್ತುವ ಯಂತ್ರಗಳು ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಬಲ್ಲವು. ಯಂತ್ರವು ಒಂದೇ ಅಳತೆಯ, ಒಂದೇ ದಪ್ಪದ ರೊಟ್ಟಿಯನ್ನು ಕೊಡುತ್ತದೆ. ಆದರೆ ಕಾಳನ್ನು ಆರಿಸುವುದು, ಹಿಟ್ಟಿನ ಜಿಗಿ ನೋಡುವುದು, ಎಸರಿನ ಪ್ರಮಾಣ ನಿರ್ಧರಿಸುವುದು ಇವು ಯಂತ್ರದ ಹಿಂದೆ ನಿಂತವರ ಕೆಲಸ. ಒಲೆಯ ಮುಂದೆ ಕಲಿತವರೇ ಯಂತ್ರಕ್ಕೂ ಒಳ್ಳೆಯ ಮೇಲ್ವಿಚಾರಕರಾಗುತ್ತಾರೆ.

ಬೀದರದ ಬಿದರಿ ಕಲೆಯೂ ಇದೇ ಪಾಠವನ್ನು ಹೇಳುತ್ತದೆ. ಬಿದರಿ ವಸ್ತುಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. 2023ರಲ್ಲಿ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿಯವರು ಈ ಕಲೆಯನ್ನು ತಮ್ಮ ತಂದೆಯವರಿಂದ ಕಲಿತವರು. ಭೌಗೋಳಿಕ ಸೂಚಿಕೆಯು ಹೆಸರನ್ನು ಕಾಯುತ್ತದೆ. ಕೈಯನ್ನು ಕಾಯಬೇಕಾದವರು ಮನೆಯವರು ಮತ್ತು ಆ ಕೈಯ ಕೆಲಸಕ್ಕೆ ತಕ್ಕ ಬೆಲೆ ತೆರುವ ವ್ಯಾಪಾರಸ್ಥರು.

ಕಾನೂನಿನ ಎಲ್ಲೆ

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಮಗು ಕಲಿಯುವುದು ಬೇರೆ, ಮಗು ದುಡಿಯುವುದು ಬೇರೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯಂತೆ 14 ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯೋಗದಲ್ಲಿಯೂ ನೇಮಿಸುವಂತಿಲ್ಲ. ಶಾಲೆಯ ಸಮಯದ ನಂತರ ಅಥವಾ ರಜೆಯಲ್ಲಿ, ಅಪಾಯಕಾರಿಯಲ್ಲದ ಕುಟುಂಬದ ಉದ್ದಿಮೆಯಲ್ಲಿ ನೆರವಾಗುವುದಕ್ಕೆ ವಿನಾಯಿತಿ ಇದೆ. 2017ರ ನಿಯಮಗಳು ಈ ನೆರವನ್ನೂ ದಿನಕ್ಕೆ ಮೂರು ಗಂಟೆಗೆ ಸೀಮಿತಗೊಳಿಸಿವೆ.

ಬಹಳ ಜನರ ಗಮನಕ್ಕೆ ಬಾರದ ಅಂಶವೊಂದಿದೆ. ಈ ವಿನಾಯಿತಿಗಾಗಿ ‘ಕುಟುಂಬ’ ಎಂದರೆ ಯಾರು ಎಂಬುದನ್ನು ಕಾಯ್ದೆಯೇ ಹೇಳಿದೆ. ತಾಯಿ, ತಂದೆ, ಸಹೋದರ, ಸಹೋದರಿ ಮತ್ತು ತಂದೆತಾಯಿಯರ ಸಹೋದರ ಸಹೋದರಿಯರು ಆ ಪಟ್ಟಿಯಲ್ಲಿದ್ದಾರೆ. ಅಜ್ಜ, ಅಜ್ಜಿಯರ ಹೆಸರಿಲ್ಲ. ಸೋದರಮಾವನನ್ನು ನೆನೆದ ಕಾನೂನು ಆಯಿಯನ್ನೂ ಮುತ್ಯಾನನ್ನೂ ನೆನೆದಿಲ್ಲ. ಮನೆಯ ಊಟಕ್ಕೆ ರೊಟ್ಟಿ ಬಡಿಯುವುದನ್ನು ಕಲಿಸಲು ಇದರಿಂದ ಅಡ್ಡಿಯೇನೂ ಇಲ್ಲ. ಅದು ಉದ್ಯೋಗವೇ ಅಲ್ಲ. ಆದರೆ ಅಜ್ಜಿಯೇ ಮಾರಾಟದ ಘಟಕ ನಡೆಸುತ್ತಿದ್ದರೆ ಮೊಮ್ಮಗಳ ನೆರವನ್ನು ಈ ವಿನಾಯಿತಿಯ ಬಲದಿಂದ ಸಮರ್ಥಿಸಿಕೊಳ್ಳುವುದು ಸುರಕ್ಷಿತವಲ್ಲ. ಮಾರಾಟದ ರೊಟ್ಟಿಯಿಂದ ಮಕ್ಕಳ ಕೈಯನ್ನು ದೂರವಿಡುವುದೇ ಲೇಸು.

ಕಲಿಯುವ ಮಕ್ಕಳಲ್ಲಿ ಹೆಣ್ಣು ಗಂಡೆಂಬ ಭೇದವೂ ಇರಬಾರದು. ಬೇಕರಿಗಳ ಭಟ್ಟಿಯ ಮುಂದೆ, ಖಾನಾವಳಿಗಳ ಒಲೆಯ ಮುಂದೆ ದುಡಿಯುವ ಗಂಡಸರು ಎಷ್ಟೋ ಮಂದಿ ಇದ್ದಾರೆ. ಮನೆಯಲ್ಲಿ ಮಾತ್ರ ಮೊಮ್ಮಗನನ್ನು ಒಲೆಯಿಂದ ದೂರವಿಟ್ಟರೆ ಕಲಿಯುವವರ ಸಂಖ್ಯೆಯನ್ನು ನಾವೇ ಅರ್ಧಕ್ಕೆ ಇಳಿಸಿದಂತಾಗುತ್ತದೆ.

ತೆರಿಗೆಯ ಸ್ಥಿತಿ

2025ರ ಸೆಪ್ಟೆಂಬರ್ 22ರಂದು, ಎಂದರೆ ಆ ವರ್ಷದ ನವರಾತ್ರಿಯ ಘಟಸ್ಥಾಪನೆಯ ದಿನವೇ, ಸರಕು ಮತ್ತು ಸೇವಾ ತೆರಿಗೆಯ ಪರಿಷ್ಕೃತ ದರಗಳು ಜಾರಿಗೆ ಬಂದವು. ಅಲ್ಲಿಯವರೆಗೆ ಶೇಕಡಾ 5ರ ತೆರಿಗೆಯಿದ್ದ ಚಪಾತಿ, ರೊಟ್ಟಿಗಳೂ ಶೇಕಡಾ 18ರ ತೆರಿಗೆಯಿದ್ದ ಪರೋಟ ಮೊದಲಾದ ಭಾರತೀಯ ರೊಟ್ಟಿಗಳೂ ತೆರಿಗೆಯಿಂದ ಮುಕ್ತವಾದವು. ಬಿಸ್ಕತ್ತು, ಕೇಕುಗಳ ದರ ಶೇಕಡಾ 18ರಿಂದ 5ಕ್ಕೆ ಇಳಿಯಿತು.

ಇದು ರೊಟ್ಟಿ ತಯಾರಕರಿಗೆ ಅನುಕೂಲವೇ ಆದರೂ ಒಂದು ಸೂಕ್ಷ್ಮವಿದೆ. ತೆರಿಗೆಮುಕ್ತ ಸರಕಿನ ತಯಾರಿಕೆಗೆ ಬಳಸಿದ ಪ್ಯಾಕಿಂಗ್ ಸಾಮಗ್ರಿ, ಯಂತ್ರ ಮುಂತಾದವುಗಳ ಮೇಲೆ ತೆತ್ತ ತೆರಿಗೆಯ ಹೂಡುವಳಿ ಜಮಾ ದೊರೆಯದು. ಅದು ವೆಚ್ಚಕ್ಕೇ ಸೇರುತ್ತದೆ. ಬೆಲೆ ಕಟ್ಟುವಾಗ ಇದನ್ನು ಮರೆಯಬಾರದು. ಕೇವಲ ತೆರಿಗೆಮುಕ್ತ ಸರಕನ್ನು ಮಾರುವವರಿಗೆ ಈ ತೆರಿಗೆಯ ನೋಂದಣಿ ಕಡ್ಡಾಯವಲ್ಲ. ಆದರೆ 2006ರ ಆಹಾರ ಸುರಕ್ಷತೆ ಕಾಯ್ದೆಯಡಿ ನೋಂದಣಿ ಅಥವಾ ಪರವಾನಗಿ ಎಷ್ಟೇ ಚಿಕ್ಕ ಘಟಕಕ್ಕೂ ಬೇಕು.

ಉದ್ಯಮಿಗಳು ಮಾಡಬಹುದಾದುದು

ಮೊದಲನೆಯದಾಗಿ, ತರಬೇತಿಯನ್ನು ಪ್ರತ್ಯೇಕ ವೆಚ್ಚವೆಂದು ಗುರುತಿಸಿ ವರ್ಷದ ಅಂದಾಜಿನಲ್ಲಿ ಸೇರಿಸಬೇಕು. ಹೊಸಬರ ಹರಿದ ರೊಟ್ಟಿಯನ್ನು ಅವರ ಮಜೂರಿಯಲ್ಲಿ ಮುರಿದುಕೊಳ್ಳುವ ಪದ್ಧತಿ ಸಲ್ಲದು. ಅಡುಗೆಮನೆ ಹೊತ್ತ ಹೊರೆಯನ್ನು ಈಗ ಘಟಕವು ಹೊರಬೇಕಾಗಿದೆ.

ಎರಡನೆಯದಾಗಿ, ಬಡಿಯುವ ಶಕ್ತಿ ಕುಂದಿದ್ದರೂ ಕಣ್ಣು ಕೈಗಳ ಅರಿವು ಕುಂದದ ಹಿರಿಯ ಮಹಿಳೆಯರನ್ನು ಗೌರವಧನದ ಮೇಲೆ ತರಬೇತುದಾರರನ್ನಾಗಿ ಕರೆಯಬೇಕು. ದಿನಕ್ಕೆ ಎರಡು ಗಂಟೆ ಹಿಟ್ಟಿನ ಮುಂದೆ ಕುಳಿತು ಎಸರಿನ ಹದ ತೋರಿಸಿದರೆ ಸಾಕು.

ಮೂರನೆಯದಾಗಿ, 14 ವರ್ಷ ದಾಟಿದವರಿಗೆ 1961ರ ಶಿಕ್ಷಣಾರ್ಥಿ ಕಾಯ್ದೆಯ ದಾರಿಯಿದೆ. ನಾಲ್ಕರಿಂದ 29 ಸಿಬ್ಬಂದಿಯಿರುವ ಸಂಸ್ಥೆಗಳು ಶಿಕ್ಷಣಾರ್ಥಿಗಳನ್ನು ತೆಗೆದುಕೊಳ್ಳುವುದು ಐಚ್ಛಿಕ, 30 ಅಥವಾ ಮೇಲ್ಪಟ್ಟಿದ್ದರೆ ಕಡ್ಡಾಯ.

ನಾಲ್ಕನೆಯದಾಗಿ, ಸಂಘಗಳಿಂದ ಖರೀದಿಸಿದ ರೊಟ್ಟಿಯ ಹಣವನ್ನು ತಡಮಾಡದೆ ಸಲ್ಲಿಸಬೇಕು. ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಗೆ ಹೆಚ್ಚೆಂದರೆ 45 ದಿನಗಳಲ್ಲಿ ಪಾವತಿಸಬೇಕೆಂದು 2006ರ ಕಾಯ್ದೆಯೇ ಹೇಳುತ್ತದೆ. ಸಕಾಲಕ್ಕೆ ಹಣ ಬರುವ ಕಸುಬನ್ನು ಮಕ್ಕಳು ತಾವಾಗಿಯೇ ಕಲಿಯಬಯಸುತ್ತಾರೆ.

ಐದನೆಯದಾಗಿ, ಬಿತ್ತನೆಯ ಮುಂಚೆಯೇ ಔರಾದ, ಭಾಲ್ಕಿ ಭಾಗದ ರೈತರೊಡನೆ ಹಿಂಗಾರಿ ಜೋಳದ ಖರೀದಿಯ ಮಾತು ಆಗಿರಬೇಕು. ಬೆಲೆಯ ಭರವಸೆಯಿದ್ದರೆ ಹೊಲದಲ್ಲಿ ಒಂದೆರಡು ಎಕರೆಯಾದರೂ ಜೋಳ ಉಳಿಯುತ್ತದೆ. ಜೋಳ ಉಳಿದ ಮನೆಯಲ್ಲಿ ಹಂಚು ದಿನಾಲೂ ಬಿಸಿಯಾಗುತ್ತದೆ.

ಎಲ್ಲಕ್ಕೂ ಮಿಗಿಲಾಗಿ, ರೊಟ್ಟಿ ಬಡಿಯುವುದು ಬೇರೆ ಗತಿಯಿಲ್ಲದವರ ಕೆಲಸವೆಂಬ ಭಾವನೆ ಹೋಗಬೇಕು. ಹನ್ನೆರಡನೆಯ ಶತಮಾನದಲ್ಲಿ ಕಾಯಕಕ್ಕೆ ಘನತೆ ತಂದುಕೊಟ್ಟ ಕಲ್ಯಾಣವು ಇದೇ ಜಿಲ್ಲೆಯಲ್ಲಿದೆ. ಆ ಘನತೆ ಮಾತಿನಲ್ಲಿ ಉಳಿದರೆ ಸಾಲದು, ಮಜೂರಿಯ ದರದಲ್ಲಿಯೂ ಕಾಣಬೇಕು. ಇಂದು ಆಯಿಯ ಪಕ್ಕದಲ್ಲಿ ಕುಳಿತ ಹತ್ತು ವರ್ಷದ ಮಗು ಇನ್ನು ಹತ್ತು ವರ್ಷಕ್ಕೆ ತನ್ನ ಉದ್ಯೋಗವನ್ನು ತಾನೇ ಆರಿಸಿಕೊಳ್ಳುತ್ತದೆ. ಆಗ ಅದು ರೊಟ್ಟಿಯ ಘಟಕವನ್ನು ಕಟ್ಟುವುದೋ, ಅಥವಾ ಬೇರೆ ಊರಿನ ಬಸ್ಸು ಹತ್ತುವುದೋ ಎಂಬುದನ್ನು ತೀರ್ಮಾನಿಸುವುದು ಈಗಿನ ವ್ಯಾಪಾರಸ್ಥರು ಅದರ ತಾಯಿಗೂ ಆಯಿಗೂ ತೆರುವ ಬೆಲೆಯೇ ಆಗಿದೆ.